ಮನೆ ಇದೆ, ಖಾತೆ ಕೆಟ್ಟಿದೆ: ಕಂಪ್ಯೂಟರಿನ ಪ್ರೊಫೈಲ್ ಹಾಳಾದಾಗ

ಸೋಮವಾರ ಸಂಜೆ ಹನುಮಂತನಗರದಲ್ಲಿ ಗುಡುಗು ಮಳೆ. ಕರೆಂಟು ಮೂರು ಸಲ ಹೋಗಿ ಬಂದಿತು. ಬುಧವಾರ ಬೆಳಿಗ್ಗೆ ಏಳಕ್ಕೇ ನಮ್ಮ ಬೀದಿಯ ಕೊನೆಯ ಮನೆಯ ನಿವೃತ್ತ ಕನ್ನಡ ಮೇಷ್ಟ್ರು ಗೇಟಿನ ಮುಂದೆ ನಿಂತಿದ್ದರು. ‘ಕಂಪ್ಯೂಟರಿನಲ್ಲಿ ಏನೂ ಇಲ್ಲಪ್ಪ. ಪರದೆ ಬೋಳು ಬೋಳು. ಇಷ್ಟು ವರ್ಷ ಬರೆದದ್ದು, ಮೊಮ್ಮಗಳ ನಾಮಕರಣದ ಫೋಟೊ, ಎಲ್ಲ ಹೋಯಿತು’ ಎಂದರು. ಅಂಗಡಿಯವರಿಗೆ ಫೋನ್ ಮಾಡಿದ್ದರಂತೆ. ‘ಫಾರ್ಮ್ಯಾಟ್ ಮಾಡಿಬಿಡೋಣ ಸಾರ್’ ಎಂಬ ಉತ್ತರ ಸಿಕ್ಕಿತಂತೆ. ಪುಣ್ಯಕ್ಕೆ ಅಂಗಡಿಯವರು ಆ ದಿನ ಬಿಡುವಾಗಿರಲಿಲ್ಲ.

ಹೋಗಿ ನೋಡಿದರೆ ಬರಹ, ಫೋಟೊ ಎಲ್ಲವೂ ಇದ್ದಲ್ಲೇ ಇದ್ದವು. ನಿಜವಾಗಿ ಹೋದದ್ದು ಮಂಗಳವಾರ ಟೈಪ್ ಮಾಡಿದ ನಾಲ್ಕು ಪುಟ ಮಾತ್ರ. ಬೋಳು ಪರದೆ ಕಂಡು ‘ಮೊಮ್ಮಗಳು ಏನೋ ಒತ್ತಿರಬೇಕು’ ಎಂದುಕೊಂಡ ಮೇಷ್ಟ್ರು ಹೊಸ ಕಡತ ತೆರೆದು, ತಮ್ಮ ಗುರುಗಳ ಬಗ್ಗೆ ಲೇಖನ ಬರೆದು, ಡೆಸ್ಕ್‌ಟಾಪಿನಲ್ಲಿ ಉಳಿಸಿ, ಕಂಪ್ಯೂಟರ್ ಆರಿಸಿ ಮಲಗಿದ್ದರು. ಅದು ಇವತ್ತಿಗೂ ಸಿಕ್ಕಿಲ್ಲ. ಆದ್ದರಿಂದ ರಿಪೇರಿಯ ಮಾತಿಗೆ ಮೊದಲು ಈ ಬೋಳು ಪರದೆ ಏನೆಂದು ಹೇಳಬೇಕು.

ವಿಂಡೋಸ್‌ನಲ್ಲಿ ನಿಮ್ಮ ಕಡತ, ಫೋಟೊ, ಸೆಟ್ಟಿಂಗ್‌ಗಳೆಲ್ಲ ಸಿ ಡ್ರೈವಿನ ‘ಯೂಸರ್ಸ್’ ಎಂಬ ಫೋಲ್ಡರಿನೊಳಗೆ ನಿಮ್ಮ ಹೆಸರಿನ ಒಂದು ಫೋಲ್ಡರಿನಲ್ಲಿ ಇರುತ್ತವೆ. ಅದು ಮನೆ, ಕಂಪ್ಯೂಟರಿನ ಭಾಷೆಯಲ್ಲಿ ಪ್ರೊಫೈಲ್. ಯಾರ ಮನೆ ಎಲ್ಲಿದೆ ಎಂಬ ವಿವರ ರಿಜಿಸ್ಟ್ರಿ ಎಂಬ ದಫ್ತರದಲ್ಲಿ ಬೇರೆಯಾಗಿಯೇ ದಾಖಲಾಗಿರುತ್ತದೆ. ಅದು ಖಾತೆ. ಬೆಂಗಳೂರಿನಲ್ಲಿ ಸ್ವಂತ ಸೂರು ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಖಾತೆಯಲ್ಲಿ ಹೆಸರು ತಪ್ಪಾದರೆ ಓಡಾಟ ತಪ್ಪದು, ಆದರೆ ಮನೆ ಬಿದ್ದುಹೋಗುವುದಿಲ್ಲ. ಸೈನ್ ಇನ್ ಆಗುವಾಗ ಖಾತೆಗೂ ಮನೆಗೂ ತಾಳೆಯಾಗದಿದ್ದರೆ, ಅಥವಾ ಮನೆಯೊಳಗಿನ ‘ಎನ್‌ಟಿಯೂಸರ್ ಡಾಟ್ ಡ್ಯಾಟ್’ ಎಂಬ ಸೆಟ್ಟಿಂಗ್ ಕಡತವನ್ನು ಓದಲಾಗದಿದ್ದರೆ, ವಿಂಡೋಸ್ ನಿಮ್ಮನ್ನು ‘ಟೆಂಪ್’ ಎಂಬ ತಾತ್ಕಾಲಿಕ ಪ್ರೊಫೈಲಿಗೆ ಕಳಿಸುತ್ತದೆ. ಅದು ಛತ್ರದ ಕೋಣೆ. ಸೈನ್ ಔಟ್ ಆದೊಡನೆ ಗುಡಿಸಿ ತೊಳೆದುಬಿಡುತ್ತಾರೆ. ಮೇಷ್ಟ್ರ ನಾಲ್ಕು ಪುಟ ಹೋದದ್ದು ಹಾಗೆ.

ಛತ್ರದಲ್ಲಿದ್ದೀರೋ ಮನೆಯಲ್ಲಿದ್ದೀರೋ ಎಂದು ತಿಳಿಯುವುದು ಸುಲಭ. ಸ್ಟಾರ್ಟ್ ಮೆನುವಿನಲ್ಲಿ ‘ಕಮಾಂಡ್ ಪ್ರಾಂಪ್ಟ್’ ಹುಡುಕಿ ತೆರೆಯಿರಿ. ಕಪ್ಪು ಪರದೆಯ ಮಿಡಿಯುವ ಗೆರೆಯ ಹಿಂದೆ ‘ಯೂಸರ್ಸ್’ ಆದ ಮೇಲೆ ನಿಮ್ಮ ಹೆಸರಿನ ಬದಲು ‘ಟೆಂಪ್’ ಎಂದಿದ್ದರೆ ಸಂಶಯವೇ ಬೇಡ. ಅಲ್ಲಿ ಒಂದಕ್ಷರವನ್ನೂ ಉಳಿಸಬೇಡಿ. ಆಗಲೇ ಏನಾದರೂ ಬರೆದಿದ್ದರೆ ಸೈನ್ ಔಟ್ ಆಗುವ ಮೊದಲೇ ಪೆನ್ ಡ್ರೈವಿಗೆ ಹಾಕಿ, ಅಥವಾ ನಿಮಗೇ ಇಮೇಲ್ ಮಾಡಿಕೊಳ್ಳಿ.

ಈಗ ಒಂದು ಸಲ ರೀಸ್ಟಾರ್ಟ್ ಮಾಡಿ. ಶಟ್ ಡೌನ್ ಬೇಡ. ಈಚಿನ ವಿಂಡೋಸ್‌ಗಳಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಇರುವುದರಿಂದ ಶಟ್ ಡೌನ್ ಎಂಬುದು ಅರ್ಧ ನಿದ್ದೆ. ರೀಸ್ಟಾರ್ಟ್ ಮಾಡಿದಾಗಲೇ ವ್ಯವಸ್ಥೆ ಪೂರ್ತಿ ಹೊಸದಾಗಿ ಏಳುವುದು. ಆಂಟಿವೈರಸ್ಸೋ ಅರ್ಧಕ್ಕೆ ನಿಂತ ಅಪ್‌ಡೇಟೋ ಸೆಟ್ಟಿಂಗ್ ಕಡತವನ್ನು ಬಿಗಿಹಿಡಿದಿದ್ದರೆ ಇಷ್ಟರಿಂದಲೇ ಸರಿಹೋಗುವುದುಂಟು. ಎರಡು ಸಲ ಮಾಡಿಯೂ ಸರಿಹೋಗದಿದ್ದರೆ ಮೂರನೆಯ ಸಲಕ್ಕೆ ಅರ್ಥವಿಲ್ಲ.

ಮೊದಲು ಸಾಮಾನು ಹೊರಗೆ

ಇಲ್ಲಿ ನಾನು ಸ್ವಲ್ಪ ಹಟಮಾರಿ. ರಿಪೇರಿಯ ಆಸೆಗೆ ಬಿದ್ದು ರಿಜಿಸ್ಟ್ರಿಗೆ ಕೈ ಹಾಕುವ ಮೊದಲು ಕಡತಗಳೆಲ್ಲ ಒಂದು ಹೊರಗಿನ ಹಾರ್ಡ್ ಡಿಸ್ಕಿಗೆ ಹೋಗಬೇಕು. ಸಿ ಡ್ರೈವಿನ ‘ಯೂಸರ್ಸ್’ ಒಳಗೆ ನಿಮ್ಮ ಹೆಸರಿನ ಹಳೆಯ ಫೋಲ್ಡರ್ ತೆರೆಯಿರಿ. ಅನುಮತಿ ಇಲ್ಲ ಎಂದರೆ ‘ಕಂಟಿನ್ಯೂ’ ಒತ್ತಿ. ಅಡ್ಮಿನಿಸ್ಟ್ರೇಟರ್ (ಕಂಪ್ಯೂಟರಿನ ಯಜಮಾನ) ಹಕ್ಕು ಇದ್ದರೆ ಬಾಗಿಲು ತೆರೆಯುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಇವುಗಳನ್ನು ಪ್ರತಿ ಮಾಡಿ. ಡೆಸ್ಕ್‌ಟಾಪ್ ಖಾಲಿ ಕಂಡರೆ ಗಾಬರಿ ಬೇಡ. ಮೈಕ್ರೋಸಾಫ್ಟಿನ ಅಂತರಜಾಲ ಸಂಗ್ರಹವಾದ ಒನ್‌ಡ್ರೈವ್ ಬಳಸುವವರ ಡೆಸ್ಕ್‌ಟಾಪ್ ಎಷ್ಟೋ ಸಲ ಒನ್‌ಡ್ರೈವ್ ಫೋಲ್ಡರಿನೊಳಗೆ ಕೂತಿರುತ್ತದೆ.

ಸಿ ಡ್ರೈವ್ ಕೆಂಪು ಪಟ್ಟಿ ತೋರಿಸುವಷ್ಟು ತುಂಬಿದೆಯೇ ಎಂಬುದನ್ನೂ ಈಗಲೇ ನೋಡಿ. ಹಾರ್ಡ್ ಡಿಸ್ಕ್ ಟಕಟಕ ಸದ್ದು ಮಾಡುತ್ತಿದ್ದರೆ, ಪ್ರತಿ ಮಾಡುವಾಗ ಅಲ್ಲಲ್ಲಿ ನಿಂತು ನಿಂತು ಹೋಗುತ್ತಿದ್ದರೆ, ರೋಗ ಪ್ರೊಫೈಲಿನದಲ್ಲ, ಡಿಸ್ಕಿನದು. ಬೇಕಾದ್ದನ್ನು ಮಾತ್ರ ಬೇಗ ತೆಗೆದುಕೊಂಡು ಕಂಪ್ಯೂಟರ್ ಆರಿಸಿ, ಹೊಸ ಡಿಸ್ಕಿಗೆ ಎಸ್.ಪಿ. ರಸ್ತೆಯ ದಾರಿ ಹಿಡಿಯಿರಿ. ಸಾಯುತ್ತಿರುವ ಡಿಸ್ಕಿನ ಮೇಲೆ ತಪಾಸಣೆಯ ಪ್ರೋಗ್ರಾಂ ಓಡಿಸುವುದು ಹಾಸಿಗೆ ಹಿಡಿದವರನ್ನು ಎಬ್ಬಿಸಿ ಲಾಲ್‌ಬಾಗ್ ಸುತ್ತಿಸಿದಂತೆ.

ಟೆಂಪ್‌ಗೂ ಪ್ರವೇಶವಿಲ್ಲ, ‘ಯೂಸರ್ ಪ್ರೊಫೈಲ್ ಸರ್ವಿಸ್’ ಸೋತಿತು ಎಂಬ ಸಂದೇಶ ಬಂದು ಸೈನ್ ಇನ್ ಪರದೆಗೇ ಮರಳಿಸುತ್ತಿದೆ ಎಂದಾದರೆ, ಅದೇ ಪರದೆಯ ಪವರ್ ಗುಂಡಿಯಲ್ಲಿ ಶಿಫ್ಟ್ ಕೀ ಒತ್ತಿ ಹಿಡಿದು ‘ರೀಸ್ಟಾರ್ಟ್’ ಆರಿಸಿ. ನೀಲಿ ಪರದೆ ಬರುತ್ತದೆ. ‘ಟ್ರಬಲ್‌ಶೂಟ್’, ‘ಅಡ್ವಾನ್ಸ್ಡ್ ಆಪ್ಷನ್ಸ್’, ‘ಸ್ಟಾರ್ಟಪ್ ಸೆಟ್ಟಿಂಗ್ಸ್’, ಮತ್ತೆ ‘ರೀಸ್ಟಾರ್ಟ್’. ಆಮೇಲೆ 4 ಒತ್ತಿದರೆ ಸೇಫ್ ಮೋಡ್, ಅಂದರೆ ತೀರ ಅಗತ್ಯವಾದಷ್ಟನ್ನೇ ಹೊತ್ತು ವಿಂಡೋಸ್ ಏಳುವ ಬಗೆ. ನಡುವೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಗಳ ಕೀಲಿ ಕೇಳಿದರೆ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುವ ಸಾಧ್ಯತೆ ಹೆಚ್ಚು. ಮೊಬೈಲ್‌ನಿಂದ ಆ ಖಾತೆಗೆ ಹೋಗಿ ನೋಡಿಕೊಳ್ಳಬಹುದು.

ಖಾತೆ ತಿದ್ದುಪಡಿ

ಇನ್ನು ದಫ್ತರ. ಅದಕ್ಕೆ ಮೊದಲು ‘ಇವೆಂಟ್ ವ್ಯೂವರ್’ ತೆರೆದು, ‘ವಿಂಡೋಸ್ ಲಾಗ್ಸ್’ ಒಳಗಿನ ‘ಅಪ್ಲಿಕೇಶನ್’ ಪಟ್ಟಿಯಲ್ಲಿ ‘ಯೂಸರ್ ಪ್ರೊಫೈಲ್ಸ್ ಸರ್ವಿಸ್’ ಬರೆದ ಸಾಲುಗಳನ್ನು ನೋಡಿದರೆ ಕಾಲಹರಣ ತಪ್ಪುತ್ತದೆ. 1511 ಎಂಬ ಸಂಖ್ಯೆ ಇದ್ದರೆ, ನಿಮ್ಮ ಪ್ರೊಫೈಲ್ ಸಿಗಲಿಲ್ಲ, ತಾತ್ಕಾಲಿಕವನ್ನು ಕೊಟ್ಟಿದ್ದೇನೆ ಎಂದು ಅರ್ಥ. ಜೊತೆಗೆ 1508 ಕೂಡ ಇದ್ದರೆ ಸೆಟ್ಟಿಂಗ್ ಕಡತವನ್ನು ತೆರೆಯಲಾಗಲಿಲ್ಲ ಎಂದು. ಆಗ ಖಾತೆ ತಿದ್ದಿ ಪ್ರಯೋಜನ ಕಡಿಮೆ, ಮುಂದಿನ ಭಾಗಕ್ಕೆ ಹೋಗಬಹುದು.

ತಿದ್ದುಪಡಿಯನ್ನು ಕೆಟ್ಟ ಪ್ರೊಫೈಲಿನಿಂದಲ್ಲ, ಬೇರೊಂದು ಅಡ್ಮಿನಿಸ್ಟ್ರೇಟರ್ ಖಾತೆಯಿಂದ (ಇದು ದಫ್ತರದ ಖಾತೆಯಲ್ಲ, ಸೈನ್ ಇನ್ ಆಗುವ ಅಕೌಂಟು) ಮಾಡುವುದು ಒಳ್ಳೆಯದು. ಅಂಥದ್ದೊಂದು ಇಲ್ಲದಿದ್ದರೆ ‘ಸೆಟ್ಟಿಂಗ್ಸ್’ನಲ್ಲಿ ‘ಅಕೌಂಟ್ಸ್’ ತೆರೆದು ಬೇರೆ ಬಳಕೆದಾರರ ಭಾಗಕ್ಕೆ ಹೋಗಿ. ‘ಆ್ಯಡ್ ಅಕೌಂಟ್’ ಒತ್ತಿ, ಇವರ ಸೈನ್ ಇನ್ ವಿವರ ನನ್ನ ಬಳಿ ಇಲ್ಲ ಎಂಬುದನ್ನೂ, ಆಮೇಲೆ ಮೈಕ್ರೋಸಾಫ್ಟ್ ಖಾತೆ ಇಲ್ಲದ ಬಳಕೆದಾರ ಎಂಬುದನ್ನೂ ಆರಿಸಿ ಹೊಸ ಖಾತೆ ಮಾಡಿ. ಅದರ ಬಗೆಯನ್ನು ಅಡ್ಮಿನಿಸ್ಟ್ರೇಟರ್ ಎಂದು ಬದಲಿಸಿ. ವಿಂಡೋಸ್ 10ರಲ್ಲೂ 11ರಲ್ಲೂ ದಾರಿ ಹೆಚ್ಚುಕಡಿಮೆ ಒಂದೇ. ಟೆಂಪ್‌ನಲ್ಲಿದ್ದರೂ ನಿಮ್ಮ ಅಡ್ಮಿನಿಸ್ಟ್ರೇಟರ್ ಹಕ್ಕು ಉಳಿದಿರುತ್ತದೆ, ಆದ್ದರಿಂದ ಇದು ಸಾಧ್ಯ.

ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಹೊಸ ಖಾತೆಗೆ ಸೈನ್ ಇನ್ ಆಗಿ. ಸ್ಟಾರ್ಟ್ ಮೆನುವಿನಲ್ಲಿ ‘ರಿಜಿಸ್ಟ್ರಿ ಎಡಿಟರ್’ ಹುಡುಕಿ ತೆರೆಯಿರಿ. ‘ಎಚ್‌ಕೀ ಲೋಕಲ್ ಮೆಷಿನ್’, ‘ಸಾಫ್ಟ್‌ವೇರ್’, ‘ಮೈಕ್ರೋಸಾಫ್ಟ್’, ‘ವಿಂಡೋಸ್ ಎನ್‌ಟಿ’, ‘ಕರೆಂಟ್ ವರ್ಷನ್’, ‘ಪ್ರೊಫೈಲ್ ಲಿಸ್ಟ್’ ಹೀಗೆ ಒಂದರೊಳಗೊಂದು ಇಳಿಯಿರಿ. ಪ್ರೊಫೈಲ್ ಲಿಸ್ಟ್ ಮೇಲೆ ಬಲ ಕ್ಲಿಕ್ ಮಾಡಿ ‘ಎಕ್ಸ್‌ಪೋರ್ಟ್’ ಆರಿಸಿ ಒಂದು ನಕಲು ತೆಗೆದಿಡಿ. ನಕಲಿಲ್ಲದೆ ಇಲ್ಲಿ ಕೈಯಾಡಿಸಬೇಡಿ.

ಒಳಗೆ ಎಸ್-1-5 ಎಂದು ಶುರುವಾಗುವ ಉದ್ದನೆಯ ಸಂಖ್ಯೆಗಳಿರುತ್ತವೆ. 18, 19, 20ಕ್ಕೆ ಮುಗಿಯುವ ಮೂರು ಗಿಡ್ಡ ಸಾಲುಗಳು ವ್ಯವಸ್ಥೆಯವು, ಮುಟ್ಟಬೇಡಿ. ಉದ್ದನೆಯವುಗಳನ್ನು ಒಂದೊಂದಾಗಿ ಕ್ಲಿಕ್ ಮಾಡಿ, ಬಲಗಡೆ ‘ಪ್ರೊಫೈಲ್ ಇಮೇಜ್ ಪಾತ್’ ಎಂಬಲ್ಲಿ ಯಾರ ಫೋಲ್ಡರಿನ ವಿಳಾಸವಿದೆ ಎಂದು ನೋಡಿ. ಮೇಷ್ಟ್ರ ಕಂಪ್ಯೂಟರಿನಲ್ಲಿ ಒಂದೇ ಸಂಖ್ಯೆಯ ಎರಡು ಸಾಲುಗಳಿದ್ದವು: ಒಂದರ ವಿಳಾಸ ಟೆಂಪ್, ಇನ್ನೊಂದರ ಕೊನೆಗೆ ‘ಡಾಟ್ ಬ್ಯಾಕ್’ ಎಂಬ ಬಾಲ, ವಿಳಾಸ ಮಾತ್ರ ಅವರದೇ. ಒಂದೇ ನಿವೇಶನಕ್ಕೆ ಎರಡು ಖಾತೆ! ‘ಇದಕ್ಕೂ ಅದೇ ರೋಗವೇನಪ್ಪ’ ಎಂದು ಮೇಷ್ಟ್ರು ಮೊದಲ ಸಲ ನಕ್ಕರು.

ಬಾಲವಿಲ್ಲದ ಸಾಲಿನ ಮೇಲೆ ಬಲ ಕ್ಲಿಕ್ ಮಾಡಿ ‘ರೀನೇಮ್’ ಒತ್ತಿ, ಅದರ ಕೊನೆಗೆ ‘ಡಾಟ್ ಓಲ್ಡ್’ ಸೇರಿಸಿ. ಅನಂತರ ಇನ್ನೊಂದು ಸಾಲಿನ ‘ಡಾಟ್ ಬ್ಯಾಕ್’ ಬಾಲವನ್ನು ಅಳಿಸಿ. ಕ್ರಮ ಇದೇ ಇರಬೇಕು, ಏಕೆಂದರೆ ಒಂದೇ ಹೆಸರಿನ ಎರಡು ಸಾಲನ್ನು ರಿಜಿಸ್ಟ್ರಿ ಒಪ್ಪುವುದಿಲ್ಲ. ಈಗ ಬಾಲ ಕಳೆದುಕೊಂಡ ಸಾಲಿನ ಬಲಗಡೆ ‘ಸ್ಟೇಟ್’ ಮತ್ತು ‘ರೆಫ್‌ಕೌಂಟ್’ ಇದ್ದರೆ ಎರಡರ ಬೆಲೆಯನ್ನೂ 0 ಮಾಡಿ. ಬಾಲವಿರುವ ಸಾಲು ಒಂದೇ ಇದ್ದರೆ ಬಾಲ ಅಳಿಸುವುದಷ್ಟೇ ಕೆಲಸ. ರೀಸ್ಟಾರ್ಟ್ ಮಾಡಿ ಹಳೆಯ ಖಾತೆಗೆ ಸೈನ್ ಇನ್ ಆಗಿ.

ಮೇಷ್ಟ್ರ ಪರದೆಯ ಮೇಲೆ ಮೊಮ್ಮಗಳು ಬಂದಳು. ಎರಡು ದಿನಕ್ಕೆ ಮತ್ತೆ ಬೋಳಾಯಿತು. ಹೀಗೆ ಮರುಕಳಿಸಿದರೆ ಸೆಟ್ಟಿಂಗ್ ಕಡತವೇ ಗಾಯಗೊಂಡಿದೆ ಎಂದು ತಿಳಿಯಿರಿ. ತಿದ್ದುಪಡಿಯನ್ನು ಮತ್ತೆ ಮತ್ತೆ ಮಾಡುತ್ತ ಕೂರುವುದು ನನಗೆ ಸರಿ ಕಾಣುವುದಿಲ್ಲ.

ಹೊಸ ಮನೆ

ಆಗ ಉಳಿದಿರುವುದು ಹೊಸ ಪ್ರೊಫೈಲ್. ಖಾತೆ ಮಾಡುವ ದಾರಿ ಮೇಲೆ ಹೇಳಿದ್ದೇ. ಬಳಕೆದಾರರ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ, ಚಿಕ್ಕದಾಗಿ ಕೊಡಿ. ಕನ್ನಡಾಭಿಮಾನಕ್ಕೆ ಇದು ಜಾಗವಲ್ಲ: ಫೋಲ್ಡರಿನ ಹೆಸರು ಕನ್ನಡದಲ್ಲಿದ್ದರೆ ಕೆಲವು ಹಳೆಯ ಪ್ರೋಗ್ರಾಂಗಳು ಮುಗ್ಗರಿಸುತ್ತವೆ. ಒಮ್ಮೆ ಸೈನ್ ಇನ್ ಆಗಿ, ಫೋಲ್ಡರುಗಳು ಹುಟ್ಟಿಕೊಂಡ ಮೇಲೆ, ಹೊರಗಿನ ಡಿಸ್ಕಿನಲ್ಲಿಟ್ಟದ್ದನ್ನು ಆಯಾ ಜಾಗಕ್ಕೆ ತುಂಬಿ. ಎನ್‌ಟಿಯೂಸರ್ ಎಂದು ಶುರುವಾಗುವ ಕಡತಗಳನ್ನು ಮಾತ್ರ ತರಬೇಡಿ. ಹಳೆಯ ಮನೆಯ ಗೆದ್ದಲನ್ನು ಹೊಸ ಮನೆಗೆ ಹೊತ್ತು ತಂದಂತಾಗುತ್ತದೆ.

ಬ್ರೌಸರ್ ವಿಷಯ ಸ್ವಲ್ಪ ಸೂಕ್ಷ್ಮ. ಫೈರ್‌ಫಾಕ್ಸ್ ಪ್ರೊಫೈಲ್ ಫೋಲ್ಡರನ್ನು ಹಾಗೇ ತಂದರೆ ಪಾಸ್‌ವರ್ಡ್‌ಗಳೂ ಜೊತೆಗೆ ಬರುತ್ತವೆ. ಕ್ರೋಮ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಹಳೆಯ ವಿಂಡೋಸ್ ಖಾತೆಗೆ ಬೆಸೆದುಕೊಂಡಿರುತ್ತವೆ, ಕಡತ ತಂದರೂ ಬೀಗ ಬಿಚ್ಚುವುದಿಲ್ಲ. ಗೂಗಲ್ ಖಾತೆಯಲ್ಲಿ ಸಿಂಕ್ ಆಗಿದ್ದರೆ ಸರಿ. ಆಗಿರದಿದ್ದರೆ, ಹಳೆಯ ಖಾತೆ ಒಮ್ಮೆ ತೆರೆದುಕೊಂಡ ಆ ಎರಡು ದಿನದಲ್ಲಿ ಪಾಸ್‌ವರ್ಡ್‌ಗಳನ್ನು ಹೊರತೆಗೆದಿಟ್ಟುಕೊಳ್ಳುವುದು ಜಾಣತನ.

ಮೇಷ್ಟ್ರಿಗೆ ಎರಡನೆಯ ಆಘಾತ ಕಾದಿತ್ತು. ಕಡತಗಳು ಬಂದವು, ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಕೊಂಬು, ಬೊಟ್ಟು ಇಟ್ಟಂಥ ಗೋಜಲು. ಯುನಿಕೋಡ್‌ಗೆ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರಸಂಕೇತ) ಮುಂಚಿನ ‘ನುಡಿ’, ‘ಬರಹ’ ತಂತ್ರಾಂಶಗಳ ಅಕ್ಷರವಿನ್ಯಾಸಗಳಲ್ಲಿ ಬರೆದ ಹಳೆಯ ಕಡತಗಳು ಆ ಫಾಂಟ್ ಇಲ್ಲದಿದ್ದರೆ ಕಾಣುವುದು ಹೀಗೆಯೇ. ಫಾಂಟ್ ಕಡತದ ಮೇಲೆ ಬಲ ಕ್ಲಿಕ್ ಮಾಡಿ ಬರೀ ‘ಇನ್‌ಸ್ಟಾಲ್’ ಒತ್ತಿದರೆ ಈಗಿನ ವಿಂಡೋಸ್ ಅದನ್ನು ಆ ಒಬ್ಬ ಬಳಕೆದಾರರಿಗೆ ಮಾತ್ರ ಹಾಕುತ್ತದೆ, ಅವರ ಪ್ರೊಫೈಲಿನೊಳಗೇ. ಹಳೆಯ ಫೋಲ್ಡರಿನಲ್ಲಿ ‘ಆ್ಯಪ್‌ಡೇಟಾ’, ‘ಲೋಕಲ್’, ‘ಮೈಕ್ರೋಸಾಫ್ಟ್’, ‘ವಿಂಡೋಸ್’, ‘ಫಾಂಟ್ಸ್’ ಎಂದು ಹೋಗಿ. ಆ್ಯಪ್‌ಡೇಟಾ ಅಡಗಿರುತ್ತದೆ, ‘ವ್ಯೂ’ ಮೆನುವಿನಲ್ಲಿ ಅಡಗಿದವನ್ನು ತೋರಿಸಲು ಹೇಳಬೇಕು. ಅಲ್ಲಿರುವ ಫಾಂಟ್‌ಗಳನ್ನು ಈ ಸಲ ಎಲ್ಲ ಬಳಕೆದಾರರಿಗೂ ಇನ್‌ಸ್ಟಾಲ್ ಮಾಡುವ ಆಯ್ಕೆಯಿಂದ ಹಾಕಿ. ಮೇಷ್ಟ್ರ ಕಡತ ಮುಚ್ಚಿ ತೆರೆದೆ. ಒತ್ತು, ದೀರ್ಘ, ಅರ್ಕಾವತ್ತು ಎಲ್ಲ ಸ್ವಸ್ಥಾನಕ್ಕೆ ಬಂದಿದ್ದವು. ಅವರು ಮೊದಲ ಸಾಲನ್ನು ಗಟ್ಟಿಯಾಗಿ ಓದಿ, ಒಂದು ಕಾಗುಣಿತ ತಪ್ಪು ಕಂಡು, ನಾನಿರುವಾಗಲೇ ತಿದ್ದಿದರು.

ಕೊನೆಗೊಂದು ತಪಾಸಣೆ: ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಎಸ್‌ಎಫ್‌ಸಿ ಎಂದು ಬರೆದು, ಒಂದು ಅಕ್ಷರದ ಜಾಗ ಬಿಟ್ಟು, ಓರೆಗೆರೆ ಹಾಕಿ, ಅದಕ್ಕೆ ಅಂಟಿಸಿ ಸ್ಕ್ಯಾನ್‌ನೌ ಎಂದು ಟೈಪ್ ಮಾಡಿ. ವಿಂಡೋಸ್‌ನ ಸ್ವಂತ ಕಡತಗಳು ಕೆಟ್ಟಿದ್ದರೆ ಅದು ಸರಿಪಡಿಸುತ್ತದೆ. ಕಾಫಿ ಕುಡಿದು ಬರುವಷ್ಟು ಹೊತ್ತು ಹಿಡಿಯಬಹುದು.

ಹಳೆಯ ಪ್ರೊಫೈಲನ್ನು ಒಂದು ತಿಂಗಳು ಹಾಗೇ ಬಿಡಿ. ಮರೆತದ್ದು ಏನಾದರೂ ನೆನಪಾಗಿಯೇ ಆಗುತ್ತದೆ. ಆಮೇಲೂ ‘ಯೂಸರ್ಸ್’ ಒಳಗಿನ ಫೋಲ್ಡರನ್ನು ನೇರವಾಗಿ ಅಳಿಸಬೇಡಿ: ಮನೆ ಕೆಡವಿದರೂ ಖಾತೆ ದಫ್ತರದಲ್ಲೇ ಉಳಿದು, ಆ ಹೆಸರಿನಲ್ಲಿ ಸೈನ್ ಇನ್ ಆದವರಿಗೆ ಮತ್ತೆ ಛತ್ರವೇ ಗತಿ. ಜಾಗ ಸಾಲದೆಂದು ಹೀಗೆ ಅಳಿಸಿ ಈ ತೊಂದರೆಯನ್ನು ತಾವೇ ತಂದುಕೊಂಡವರನ್ನು ನೋಡಿದ್ದೇನೆ. ‘ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್’ನಲ್ಲಿ ‘ಯೂಸರ್ ಪ್ರೊಫೈಲ್ಸ್’ ಎಂಬ ಭಾಗದ ‘ಸೆಟ್ಟಿಂಗ್ಸ್’ ಗುಂಡಿ ಒತ್ತಿ, ಪಟ್ಟಿಯಿಂದ ಹಳೆಯದನ್ನು ಆರಿಸಿ ‘ಡಿಲೀಟ್’ ಮಾಡಿದರೆ ಮನೆಯೂ ಖಾತೆಯೂ ಒಟ್ಟಿಗೆ ಹೋಗುತ್ತವೆ. ನೀವು ಮಾಡಿಕೊಂಡ ಎರಡನೆಯ ಅಡ್ಮಿನಿಸ್ಟ್ರೇಟರ್ ಖಾತೆಯನ್ನು ಮಾತ್ರ ಇರಗೊಡಿ.

ಮೇಷ್ಟ್ರ ಮೇಜಿನ ಕೆಳಗೆ ಯುಪಿಎಸ್ ಒಂದಿತ್ತು. ಪ್ಲಗ್ ತೆಗೆದು ನೋಡಿದೆ, ಕಂಪ್ಯೂಟರ್ ಅದೇ ಕ್ಷಣ ಆರಿತು. ಎಷ್ಟು ವರ್ಷದ ಬ್ಯಾಟರಿ ಎಂದು ಕೇಳಿದರೆ, ‘ಅದಕ್ಕೆ ಬ್ಯಾಟರಿ ಬೇರೆ ಇರುತ್ತದೆಯೇ?’ ಎಂದರು.