ಭೋಪಾಲ್ ದುರಂತದ ಸಂಕಿರಣಕ್ಕೆ ಹೋಗ್ತಿದೀರಾ? ಇಷ್ಟು ತಿಳ್ಕೊಂಡು ಹೋಗಿ

ಡಿಸೆಂಬರ್ ಬಂತಂದ್ರೆ ಅಲ್ಲಲ್ಲಿ ಭೋಪಾಲ್ ಬಗ್ಗೆ ಸಂಕಿರಣ ನಡೀತಾವೆ. ನಾನು ಮೊದಲ ಸಲ ಕೈಬೀಸ್ಕೊಂಡು ಹೋಗಿದ್ದೆ, ವೇದಿಕೆ ಮೇಲಿದ್ದೋರು ‘ಮಿಕ್ ಮಿಕ್’ ಅಂತಿದ್ರೆ ಅರ್ಧ ಗಂಟೆ ಯಾರದೋ ಹೆಸರು ಅನ್ಕೊಂಡಿದ್ದೆ. ಅದು ಮೀಥೈಲ್ ಐಸೋಸಯನೇಟ್ (MIC), ಭೋಪಾಲ್‌ನಲ್ಲಿ ಸೋರಿದ ವಿಷದ ಗ್ಯಾಸ್.

ಹಾಗಾಗ್ಬಾರ್ದು ಅಂದ್ರೆ ಮನೇಲೇ ಸ್ವಲ್ಪ ಓದ್ಕೊಳ್ಳಿ. 1984 ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಅನ್ನೋ ಅಮೆರಿಕನ್ ಕಂಪನಿಯ ಕೀಟನಾಶಕ ಫ್ಯಾಕ್ಟರೀಲಿ 610ನೇ ಟ್ಯಾಂಕಿಗೆ ನೀರು ಸೇರಿ ಸುಮಾರು 40 ಟನ್ ವಿಷ ಹೊರಗೆ ಬಂತು, ಟ್ಯಾಂಕ್ ತಣ್ಣಗಿಡೋ ಕೂಲಿಂಗ್ ಆಫ್ ಮಾಡಿ ತಿಂಗಳುಗಳಾಗಿತ್ತು, ಸೋರಿದ ಗ್ಯಾಸ್ ಸುಡ್ಬೇಕಿದ್ದ ಫ್ಲೇರ್ ಟವರಿನ ಪೈಪೇ ಕಳಚಿಟ್ಟಿದ್ರು. ಪತ್ರಕರ್ತ ರಾಜಕುಮಾರ್ ಕೇಸ್ವಾನಿ 1982ರಲ್ಲೇ ಅಪಾಯ ಇದೆ ಅಂತ ಬರ್ದಿದ್ರು, ಯಾರೂ ಕಿವಿಗೆ ಹಾಕ್ಕೊಳ್ಳಿಲ್ಲ. ಫ್ಯಾಕ್ಟರಿ ಎದುರಿನ ಬಡವರ ಬಡಾವಣೆ ಹೆಸರು ಜೆ.ಪಿ. ನಗರ, ನಮ್ಮ ಬೆಂಗಳೂರಿಂದಲ್ಲ, ನನಗೂ ಒಂದು ಕ್ಷಣ ಕನ್‌ಫ್ಯೂಸ್ ಆಗಿತ್ತು.

ಸತ್ತೋರ ಸಂಖ್ಯೆ ಹೇಳೋವಾಗ ಹುಷಾರು. ಸರ್ಕಾರದ ಮೊದಲಿನ ಲೆಕ್ಕ 2,259, ಆಮೇಲೆ ಮಧ್ಯಪ್ರದೇಶ ಸರ್ಕಾರ 3,787 ಅಂತು, ಸಂತ್ರಸ್ತರ ಸಂಘಟನೆಗಳು ಹೇಳೋದು ಇದಕ್ಕಿಂತ ಎಷ್ಟೋ ಜಾಸ್ತಿ. ಯಾವ ನಂಬರ್ ಬಂದ್ರೂ ಇದು ಯಾರ ಲೆಕ್ಕ ಅಂತ ಪಕ್ಕದಲ್ಲಿ ಬರ್ಕೊಳ್ಳಿ.

ಗ್ಯಾಸ್ ಪೀಡಿತರೇ ಮಾತಾಡೋ ಸೆಷನ್ ಇದ್ರೆ ಮುಂದಿನ ಸಾಲಲ್ಲಿ ಕೂತ್ಕೊಳ್ಳಿ, ಹೆಚ್ಚಾಗಿ ಹಿಂದೀಲಿ ಮಾತಾಡ್ತಾರೆ, ಅರ್ಥ ಆಗ್ದಿದ್ರೆ ಹಿಂದಿ ಬರೋರ ಪಕ್ಕ ಜಾಗ ಹಿಡೀರಿ. ದಯವಿಟ್ಟು ‘ಆ ರಾತ್ರಿ ಹೇಗಿತ್ತು ಹೇಳಿ’ ಅಂತ ಕೇಳ್ಬೇಡಿ. ಮೆಣಸಿನಕಾಯಿ ಸುಟ್ಟಂಗೆ ಘಾಟು, ಕಣ್ಣುರಿ, ಓಟ, ಇದನ್ನ ಅವರು ನಾಲ್ಕು ದಶಕದಿಂದ ಹೇಳ್ತಾನೇ ಇದಾರೆ. ಈಗ ಕುಡಿಯೋ ನೀರು ಎಲ್ಲಿಂದ ಬರುತ್ತೆ, ಆಮೇಲೆ ಹುಟ್ಟಿದ ಮಕ್ಕಳ ಆರೋಗ್ಯ ಹೇಗಿದೆ, ಔಷಧಿ ಸಿಗ್ತಿದೆಯಾ ಅಂತ ಕೇಳಿ, ಮುಖಾನೇ ಬದಲಾಗುತ್ತೆ. ದುರಂತದಲ್ಲಿ ಸತ್ತ ಮಗುವನ್ನ ಮಣ್ಣು ಮಾಡೋ ಆ ಪ್ರಸಿದ್ಧ ಫೋಟೋ ಮುಂದೆ ಸೆಲ್ಫಿ ತಗೊಳ್ಳೋರನ್ನ ನೋಡಿದೀನಿ, ಏನ್ ಹೇಳೋದು.

ವಕೀಲರ ಸೆಷನ್‌ನಲ್ಲಿ ಮಾತ್ರ ಸಂಕೋಚ ಬೇಡ. 1989ರಲ್ಲಿ ಸುಪ್ರೀಂ ಕೋರ್ಟ್ ಕಂಪನಿಗೂ ಸರ್ಕಾರಕ್ಕೂ 47 ಕೋಟಿ ಡಾಲರ್ ಪರಿಹಾರಕ್ಕೆ ರಾಜಿ ಮಾಡಿಸ್ದಾಗ ಪೀಠದಲ್ಲಿದ್ದ ಐವರಲ್ಲಿ ಇ.ಎಸ್. ವೆಂಕಟರಾಮಯ್ಯ, ಎಂ.ಎನ್. ವೆಂಕಟಾಚಲಯ್ಯ ಇಬ್ರೂ ನಮ್ಮೋರೇ. 1991ರಲ್ಲಿ ದುಡ್ಡಿನ ರಾಜಿ ಉಳ್ಸಿ, ಆ ರಾಜಿಲಿ ಕೈಬಿಟ್ಟಿದ್ದ ಕ್ರಿಮಿನಲ್ ಕೇಸ್ ಮತ್ತೆ ನಡೀಲಿ ಅಂತ ತೀರ್ಪು ಬಂತು, 2010ರಲ್ಲಿ ಕೊನೆಗೂ ಕಂಪನಿಯ ಭಾರತೀಯ ಅಧಿಕಾರಿಗಳಿಗೆ ಶಿಕ್ಷೆ ಆಯ್ತು, ಎರಡೇ ವರ್ಷ, ಅವತ್ತೇ ಜಾಮೀನು! ಯಾಕಿಷ್ಟು ಕಮ್ಮಿ ಅಂತ ಒಂದೇ ಪ್ರಶ್ನೆ ನೇರವಾಗಿ ಕೇಳಿ, ಮೈಕ್ ಸಿಕ್ತು ಅಂತ ನೀವೇ ಭಾಷಣ ಶುರು ಮಾಡ್ಬೇಡಿ.

ಮುಗಿದ್ಮೇಲೆ ಮೇಣದಬತ್ತಿ ಹಚ್ಚಿ ತಕ್ಷಣ ಓಡ್ಬೇಡಿ, ಟೀ ಕುಡಿಯೋ ಹೊತ್ತಲ್ಲೇ ಅಸಲಿ ಮಾತು ಹೊರಗೆ ಬರೋದು. ಸಹಾಯ ಮಾಡೋ ಮನಸ್ಸಾದ್ರೆ ಭೋಪಾಲ್‌ನಲ್ಲಿ ಪೀಡಿತರಿಗೆ ಫ್ರೀ ಚಿಕಿತ್ಸೆ ಕೊಡೋ ಸಂಭಾವನಾ ಕ್ಲಿನಿಕ್ ಬಗ್ಗೆ ಅಲ್ಲೇ ವಿಚಾರಿಸ್ಕೊಳ್ಳಿ.