ಎದೆಬಡಿತದ ತೊಂದರೆ ಇದ್ದವರಿಗೆ ಜೀವ ವಿಮೆ, ಪ್ರವಾಸ ವಿಮೆ: ಕಾಸರಗೋಡಿಗೆ ಹೊಸದಾಗಿ ಬಂದವರು ಗಮನಿಸಬೇಕಾದ್ದು

ಬ್ಯಾಂಕಿನ ವರ್ಗಾವಣೆ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ಕೂಡ್ಲಿನ ಸಿಪಿಸಿಆರ್‌ಐ (ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಎಂದು ಇಲ್ಲಿಗೆ ಬಂದ ಕುಟುಂಬಗಳು ನಮ್ಮ ಸಂಘದಲ್ಲಿ ಮೊದಲು ವಿಚಾರಿಸುವುದು ಬಾಡಿಗೆ ಮನೆ ಮತ್ತು ಕನ್ನಡ ಮಾಧ್ಯಮದ ಶಾಲೆ. ವಿಮೆಯ ನೆನಪಾಗುವುದು ಮಗಳು ದುಬೈಗೆ ಬನ್ನಿ ಎಂದು ಕರೆದಾಗ, ಇಲ್ಲವೇ ಮನೆ ಸಾಲ ಕೊಡುವ ಬ್ಯಾಂಕು ಕೇಳಿದಾಗ. ಅಷ್ಟರಲ್ಲಿ ಮನೆಯಲ್ಲೊಬ್ಬರಿಗೆ ಎದೆಬಡಿತ ಏರುಪೇರಾಗುವ ಕಾಯಿಲೆ ಇದೆ ಎಂದು ಗೊತ್ತಾಗಿದ್ದರೆ ‘ಇನ್ನು ನಮಗೆ ಯಾರೂ ವಿಮೆ ಕೊಡುವುದಿಲ್ಲ’ ಎಂದು ಕೈಚೆಲ್ಲುವವರೇ ಹೆಚ್ಚು. ಹಾಗೇನಿಲ್ಲ. ಆದರೆ ದಾರಿ ಗೊತ್ತಿರಬೇಕು.

ಹಳೆಯ ಪಾಲಿಸಿಯನ್ನು ಕೈಬಿಡಬೇಡಿ

ಕಾಯಿಲೆ ಪತ್ತೆಯಾಗುವ ಮೊದಲು ಊರಲ್ಲಿ ಮಾಡಿಸಿದ ಜೀವ ವಿಮೆ ನಿಮ್ಮಲ್ಲಿದ್ದರೆ, ಇಲ್ಲಿ ಹೊಸದಾಗಿ ಕೊಳ್ಳಬಹುದಾದ ಯಾವುದಕ್ಕಿಂತಲೂ ಅದರ ಬೆಲೆ ಹೆಚ್ಚು. ಆಮೇಲೆ ಬಂದ ಕಾಯಿಲೆಗಾಗಿ ಕಂಪನಿ ಪ್ರೀಮಿಯಂ ಏರಿಸುವಂತಿಲ್ಲ, ಪಾಲಿಸಿ ರದ್ದು ಮಾಡುವಂತಿಲ್ಲ. ಅಪಾಯ ಇರುವುದು ವರ್ಗಾವಣೆಯ ಗಡಿಬಿಡಿಯಲ್ಲಿ. ಇಲ್ಲಿ ಹೊಸ ಸಂಬಳದ ಖಾತೆ ತೆರೆಯುತ್ತೀರಿ, ಹಳೆಯ ಖಾತೆಯಲ್ಲಿ ದುಡ್ಡಿಲ್ಲದೆ ಆಟೋ ಡೆಬಿಟ್ ಬೌನ್ಸ್ ಆಗುತ್ತದೆ, ಕಂಪನಿಯ ಕಾಗದ ಧಾರವಾಡದ ಹಳೆಯ ಬಾಡಿಗೆ ಮನೆಗೆ ಹೋಗಿ ಬೀಳುತ್ತದೆ. ತಿಂಗಳ ಕಂತಿನವರಿಗೆ ಸಿಗುವ ಹೆಚ್ಚುವರಿ ಗಡುವು 15 ದಿನ, ಉಳಿದವರಿಗೆ 30 ದಿನ. ಅದು ದಾಟಿದರೆ ಪಾಲಿಸಿ ಲ್ಯಾಪ್ಸ್, ಅಂದರೆ ರಕ್ಷಣೆ ನಿಂತುಹೋಗುತ್ತದೆ.

ಬಾಕಿ ಕಟ್ಟಿ ಮತ್ತೆ ಚಾಲೂ ಮಾಡಿಸಬಹುದಲ್ಲ ಎನ್ನುತ್ತೀರಿ. ಮಾಡಿಸಬಹುದು, ಆದರೆ ಆಗ ಆರೋಗ್ಯದ ಘೋಷಣೆ ಮತ್ತೆ ಬರೆದುಕೊಡಬೇಕಾಗುತ್ತದೆ, ಈಗ ಗೊತ್ತಾಗಿರುವ ಕಾಯಿಲೆಯನ್ನು ಅದರಲ್ಲಿ ಹೇಳಲೇಬೇಕಾಗುತ್ತದೆ. ಇನ್ನೊಂದು ಪೆಟ್ಟೂ ಉಂಟು. ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಮೂರು ವರ್ಷ ತುಂಬಿದ ಜೀವ ವಿಮಾ ಪಾಲಿಸಿಯನ್ನು ಕಂಪನಿ ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಲ್ಯಾಪ್ಸ್ ಆಗಿ ಮರುಚಾಲನೆ ಪಡೆದರೆ ಆ ಮೂರು ವರ್ಷದ ಎಣಿಕೆ ಮರುಚಾಲನೆಯ ದಿನದಿಂದ ಮತ್ತೆ ಶುರು. ಆದ್ದರಿಂದ ಗ್ಯಾಸ್ ಕನೆಕ್ಷನ್ ವರ್ಗ ಮಾಡಿಸುವ ವಾರದಲ್ಲೇ ಪಾಲಿಸಿಯ ವಿಳಾಸ, ಫೋನ್ ನಂಬರು, ಬ್ಯಾಂಕ್ ಖಾತೆ ಮೂರನ್ನೂ ಬದಲಿಸಿಕೊಳ್ಳಿ. ಏಜೆಂಟರು ಊರಲ್ಲೇ ಇದ್ದರೂ ಅಡ್ಡಿಯಿಲ್ಲ, ಅದೇ ಕಂಪನಿಯ ಇಲ್ಲಿನ ಶಾಖೆಯಲ್ಲಿ ಆಗುತ್ತದೆ.

‘ಹಾರ್ಟ್ ಪ್ರಾಬ್ಲಂ’ ಎಂದಷ್ಟೇ ಹೇಳಿದರೆ ಸಾಲದು

ಹೊಸ ಪಾಲಿಸಿ ಬೇಕಾದವರು ಮೊದಲು ಕಾಯಿಲೆಯ ಸರಿಯಾದ ಹೆಸರನ್ನು ಕಾಗದದ ಮೇಲೆ ಪಡೆದುಕೊಳ್ಳಬೇಕು. ಕಂಪನಿ ಲೆಕ್ಕ ಹಾಕುವುದು ಅದರ ಮೇಲೆಯೇ. ಎಸ್‌ವಿಟಿ ಎಂದರೆ ಹೃದಯದೊಳಗೆ ವಿದ್ಯುತ್ತಿನ ಹರಿವು ಅಡ್ಡದಾರಿ ಹಿಡಿದು ಬಡಿತ ಒಮ್ಮೆಲೇ ಏರುವುದು. ಎಷ್ಟೋ ಸಲ ಅಬ್ಲೇಶನ್ ಮಾಡಿ ಆ ದಾರಿಯನ್ನು ಸುಟ್ಟುಬಿಟ್ಟರೆ ತೊಂದರೆ ಅಲ್ಲಿಗೆ ಮುಗಿಯುತ್ತದೆ. ಏಟ್ರಿಯಲ್ ಫಿಬ್ರಿಲೇಶನ್ ಬೇರೆಯೇ. ಅದರಲ್ಲಿ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುತ್ತವೆ, ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಿ ಪಾರ್ಶ್ವವಾಯು ಆಗುವ ಭಯವಿರುವುದರಿಂದ ಎಷ್ಟೋ ಮಂದಿಗೆ ರಕ್ತ ತೆಳುವಾಗಿಸುವ ಮಾತ್ರೆ ಇರುತ್ತದೆ. ಹೃದಯದ ವಿದ್ಯುತ್ತಿನ ದೋಷದಿಂದ ಜೀವಕ್ಕೇ ಅಪಾಯ ತರಬಹುದಾದ ಲಾಂಗ್ ಕ್ಯೂಟಿ, ಬ್ರುಗಾಡಾ ಇದ್ದವರ ಬಗ್ಗೆ ಕಂಪನಿಗಳು ಬಹಳ ಬಿಗಿ. ಹೃದಯ ಚೆನ್ನಾಗಿದ್ದು ನಡುನಡುವೆ ಒಂದು ಬಡಿತ ತಪ್ಪುವ ಎಕ್ಟೋಪಿಕ್ ಹೆಚ್ಚಿನವರಲ್ಲಿ ನಿರಪಾಯ. ಇನ್ನು ಇಸಿಜಿಯಲ್ಲಿ ‘ಸೈನಸ್ ಅರಿತ್ಮಿಯಾ’ ಎಂದು ಅಚ್ಚಾಗಿರುವುದನ್ನು ನೋಡಿ ಗಾಬರಿಯಾಗುವವರೂ ಇದ್ದಾರೆ. ಉಸಿರಾಟದ ಜೊತೆ ಬಡಿತ ಸ್ವಲ್ಪ ಹೆಚ್ಚು ಕಡಿಮೆಯಾಗುವುದು ಎಳೆಯರಲ್ಲಿ ಸಹಜವೇ.

ಇಲ್ಲಿಂದ ಬಹಳ ಮಂದಿ ತೋರಿಸಿಕೊಳ್ಳುವುದು ಮಂಗಳೂರಿನಲ್ಲಿ. ಮುಂದಿನ ಸಲ ತಲಪಾಡಿ ದಾಟಿ ಹೋದಾಗ ಡಾಕ್ಟರ ಹತ್ತಿರ ಒಂದು ಪುಟದ ಪತ್ರ ಕೇಳಿ ತನ್ನಿ. ಬರೀ ‘ಫಿಟ್’ ಎಂದು ಬರೆದ ಚೀಟಿ ಯಾವುದಕ್ಕೂ ಬರುವುದಿಲ್ಲ. ಕಾಯಿಲೆಯ ಹೆಸರು, ಮೊದಲು ಪತ್ತೆಯಾದ ತಿಂಗಳು ಮತ್ತು ವರ್ಷ, ಕೊನೆಯ ಸಲ ಬಡಿತ ಏರಿದ್ದು ಯಾವಾಗ, ಮಾತ್ರೆ ಯಾವುದು ಎಷ್ಟು ಮಿಲಿಗ್ರಾಂ, ಅದನ್ನು ಕೊನೆಗೆ ಬದಲಿಸಿದ್ದು ಯಾವಾಗ, ಎಕೋದಲ್ಲಿ (ಹೃದಯದ ಸ್ಕ್ಯಾನ್) ಹೃದಯದ ಪಂಪಿಂಗ್ ಶೇಕಡಾ ಎಷ್ಟು, ಬಿಪಿ ಶುಗರ್ ಉಂಟೋ ಇಲ್ಲವೋ: ಇಷ್ಟೂ ಅದರಲ್ಲಿರಲಿ. ಹೋಲ್ಟರ್ (ಮೈಗೆ ಕಟ್ಟಿಕೊಂಡು ದಿನವಿಡೀ ಬಡಿತ ದಾಖಲಿಸುವ ಇಸಿಜಿ) ವರದಿ, ಎಕೋ ವರದಿ, ಡಿಸ್ಚಾರ್ಜ್ ಸಮ್ಮರಿಗಳನ್ನು ಫೋನಿನಲ್ಲೂ ಇಟ್ಟುಕೊಳ್ಳಿ.

ಓಟಿಪಿಯೇ ಸಹಿ

ಈಗ ಏಜೆಂಟರು ಕಾಗದದ ಫಾರಂ ತರುವುದು ಕಡಿಮೆ. ಜಗಲಿಯಲ್ಲಿ ಕೂತು ಟ್ಯಾಬಿನಲ್ಲಿ ‘ಇಲ್ಲ, ಇಲ್ಲ, ಇಲ್ಲ’ ಎಂದು ಒತ್ತುತ್ತಾ ಹೋಗುತ್ತಾರೆ, ನೀವು ಚಹಾ ತರುವಷ್ಟರಲ್ಲಿ ಆರೋಗ್ಯದ ಪ್ರಶ್ನೆಗಳೆಲ್ಲ ಮುಗಿದಿರುತ್ತವೆ. ‘ಒಂದು ಓಟಿಪಿ ಬಂದಿರಬೇಕು, ಹೇಳಿ’ ಎನ್ನುತ್ತಾರೆ. ಹೇಳಿದಿರೋ, ಆ ‘ಇಲ್ಲ’ಗಳೆಲ್ಲ ನೀವೇ ಕೊಟ್ಟ ಉತ್ತರಗಳಾದವು. ‘ಸಣ್ಣ ವಿಷಯ, ಬರೆದರೆ ಸುಮ್ಮನೆ ರಗಳೆ’ ಎಂದು ಅವರು ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಕಷ್ಟದ ದಿನ ಕ್ಲೇಮ್ ಕೇಳಿಕೊಂಡು ಅಲೆಯಬೇಕಾದವರು ಮನೆಯವರು. ಪೂರ್ತಿ ಓದಿ, ಓದಲಾಗದಿದ್ದರೆ ಒಂದೊಂದೇ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿಸಿಕೊಂಡು, ಆಮೇಲೆ ಓಟಿಪಿ ಕೊಡಿ. ಪಾಲಿಸಿ ಬಂದ ಮೇಲೆ ಅದರ ಜೊತೆಗಿರುವ ಪ್ರಪೋಸಲ್ ಫಾರಂ, ಅಂದರೆ ನಿಮ್ಮ ಅರ್ಜಿಯ ಪ್ರತಿ ತೆಗೆದು ನೋಡಿ. ತಪ್ಪಿದ್ದರೆ ತಿದ್ದಿಸಿ, ಬೇಡವೆನಿಸಿದರೆ 30 ದಿನದೊಳಗೆ ಹಿಂತಿರುಗಿಸಿ.

ಮುಚ್ಚಿಟ್ಟು ಮೂರು ವರ್ಷ ದೂಡಿದರಾಯಿತು ಎಂಬ ಉಪದೇಶವೂ ಸಿಗುತ್ತದೆ. ಎದೆಬಡಿತದ ಕಾಯಿಲೆ ಇರುವವರು ಆಡಬಾರದ ಜೂಜು ಅದು.

ಎಲ್ಲ ಹೇಳಿದ ಮೇಲೆ ಕಂಪನಿ ಸಾಮಾನ್ಯ ದರಕ್ಕೇ ಕೊಡಬಹುದು, ಹೆಚ್ಚು ಪ್ರೀಮಿಯಂ ಕೇಳಬಹುದು, ಕೆಲವು ತಿಂಗಳು ಬಿಟ್ಟು ಬನ್ನಿ ಎನ್ನಬಹುದು, ಇಲ್ಲ ಎನ್ನಬಹುದು. ಒಂದು ಕಂಪನಿ ನಿರಾಕರಿಸಿದ್ದನ್ನು ಮುಂದಿನ ಕಂಪನಿಯೂ ಕೇಳುತ್ತದೆ. ಹಾಗಾಗಿ ಸಿಕ್ಕಸಿಕ್ಕಲ್ಲಿ ಅರ್ಜಿ ಹಾಕಬೇಡಿ. ಅಬ್ಲೇಶನ್ ಆಗಿ ಇನ್ನೂ ಹೆಚ್ಚು ದಿನವಾಗಿಲ್ಲದಿದ್ದರೆ ಸ್ವಲ್ಪ ಕಾದು, ಮತ್ತೆ ಹೋಲ್ಟರ್ ಮಾಡಿಸಿ ಹೋಗುವುದೇ ಜಾಣತನ.

ಎಲ್ಲೂ ಸಿಗದಿದ್ದರೆ ಆಫೀಸಿನ ಗ್ರೂಪ್ ವಿಮೆ ವಿಚಾರಿಸಿ, ಅದರಲ್ಲಿ ಒಂದು ಮಿತಿಯವರೆಗೆ ಸಾಮಾನ್ಯವಾಗಿ ತಪಾಸಣೆ ಇರುವುದಿಲ್ಲ. 18ರಿಂದ 50 ವರ್ಷದೊಳಗಿನವರು ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಜೀವನ ಜ್ಯೋತಿ ಮಾಡಿಸಬಹುದು: ವರ್ಷಕ್ಕೆ 436 ರೂಪಾಯಿ, 2 ಲಕ್ಷದ ರಕ್ಷಣೆ, ವೈದ್ಯಕೀಯ ತಪಾಸಣೆ ಇಲ್ಲ. ಸೇರಿದ ಮೊದಲ 30 ದಿನಗಳಲ್ಲಿ ಅಪಘಾತದ ಸಾವಿಗೆ ಮಾತ್ರ ಹಣ ಬರುತ್ತದೆ.

ಪ್ರವಾಸ ವಿಮೆ

ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ಕೊಲ್ಲಿಗೆ ಟಿಕೆಟ್ ಮಾಡುವಾಗ ಕೆಳಗೊಂದು ಚೌಕ ಇರುತ್ತದೆ, ಟಿಕ್ ಮಾಡಿದರೆ ವಿಮೆ. ಆರೋಗ್ಯದ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಕೇಳಲಿಲ್ಲವೆಂದರೆ ಒಪ್ಪಿದರು ಎಂದಲ್ಲ, ಮಾರಾಯ್ರೆ! ಮೊದಲೇ ಇದ್ದ ಕಾಯಿಲೆಗೆ ಅಂಥ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ರಕ್ಷಣೆ ಇರುವುದಿಲ್ಲ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಿಗುವ ಷೆಂಗೆನ್ ವೀಸಾಕ್ಕೆ 30,000 ಯೂರೋ ವಿಮೆ ಕಡ್ಡಾಯ. ಅದರ ಸರ್ಟಿಫಿಕೇಟ್ ವೀಸಾಕ್ಕೆ ಸಾಕಾದರೂ ನಿಮ್ಮ ಎದೆಬಡಿತಕ್ಕೆ ಸಾಕು ಎಂದೇನಲ್ಲ. ರೈಲು ಟಿಕೆಟಿನ ಜೊತೆ ಪೈಸೆ ಲೆಕ್ಕದಲ್ಲಿ ಸಿಗುವ ವಿಮೆಯಂತೂ ರೈಲು ಅಪಘಾತಕ್ಕೆ ಮಾತ್ರ.

ಕೇಳಬೇಕಾದ್ದು ಇದು: ಮೊದಲೇ ಇದ್ದ ಕಾಯಿಲೆಯಿಂದ ಜೀವಕ್ಕೆ ಅಪಾಯ ಬಂದರೆ ಕೊಡುತ್ತೀರಾ, ಕೊಟ್ಟರೆ ಎಷ್ಟು ಡಾಲರಿನವರೆಗೆ? ಕೆಲವು ಪಾಲಿಸಿಗಳಲ್ಲಿ ಇದೆ, ಆದರೆ ಮಿತಿ ಸಣ್ಣದು. ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ. ಹೊರಡುವ ಮುಂಚಿನ ವಾರಗಳಲ್ಲಿ ಮಾತ್ರೆ ಬದಲಾದರೆ ಕಂಪನಿಗೆ ತಿಳಿಸಿ. ಡಾಕ್ಟರು ಬೇಡವೆಂದ ಮೇಲೂ ಹೋದರೆ ವಿಮೆ ಬರುವುದಿಲ್ಲ. ಅಲ್ಲಿ ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ಮೊದಲು ಪಾಲಿಸಿಯಲ್ಲಿರುವ ಸಹಾಯವಾಣಿಗೆ ಫೋನ್ ಹೋಗಬೇಕು. ಆ ನಂಬರು ಜೊತೆಗಿರುವವರ ಫೋನಿನಲ್ಲೂ ಇರಲಿ. ಪೇಸ್‌ಮೇಕರ್ ಇದ್ದವರು ಅದರ ಕಾರ್ಡನ್ನು ಪಾಸ್‌ಪೋರ್ಟಿನ ಜೊತೆಗಿಟ್ಟು, ಭದ್ರತಾ ತಪಾಸಣೆಯಲ್ಲಿ ಮೊದಲೇ ತೋರಿಸಬೇಕು. ಮಾತ್ರೆಗಳು ಮೂಲ ಸ್ಟ್ರಿಪ್ಪಿನಲ್ಲೇ, ಚೀಟಿ ಸಮೇತ, ಕೈಚೀಲದಲ್ಲಿರಲಿ.

ಕ್ಲೇಮ್ ತಿರಸ್ಕರಿಸಿದರೆ

ಮೊದಲು ಕಂಪನಿಗೆ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದದ್ದು ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಡ. ಪಾಲಿಸಿ ಮಾಡಿಸಿದ್ದು ಕರ್ನಾಟಕದಲ್ಲಾದರೂ ಈಗ ವಾಸ ಇಲ್ಲಿರುವುದರಿಂದ ಕೊಚ್ಚಿಯ ಕಚೇರಿಗೆ ದೂರು ಕೊಡಬಹುದು. ಕಂಪನಿಯ ಶಾಖೆ ಬೆಂಗಳೂರಿನಲ್ಲಿದ್ದರೆ ಅಲ್ಲಿನ ಕಚೇರಿಯೂ ಆಗುತ್ತದೆ. ಕಂಪನಿಗೆ ಕೊಟ್ಟ ದೂರಿನ ಪ್ರತಿ, ತಿರಸ್ಕಾರದ ಪತ್ರ, ಡಾಕ್ಟರ ಪತ್ರ ಜೊತೆಗಿರಲಿ. ದೂರು ಬರೆಯಲು ಕಷ್ಟವಾದರೆ ಈ ಮೂರನ್ನೂ ಹಿಡಿದುಕೊಂಡು ಸಂಘಕ್ಕೆ ಬನ್ನಿ, ಬರೆದುಕೊಡುತ್ತೇವೆ.