ಮೀಸಲು ಅವಧಿಯ ಒಳಗೂ ಹೊರಗೂ: ಆಸ್ಟ್ರೋಸ್ಯಾಟ್ ದತ್ತಾಂಶದೊಂದಿಗೆ ನನ್ನ ಅನುಭವ

ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾ ಎಕ್ಸ್-ಕಿರಣ ಜೋಡಿ ನಕ್ಷತ್ರಗಳ ಬಗ್ಗೆ ಸಂಶೋಧನೆ ನಡೆಸುವ ನನ್ನಂಥವರ ಕೆಲಸವೆಲ್ಲ ಬೇರೆಯವರು ಕಟ್ಟಿ ಹಾರಿಸಿದ ಉಪಕರಣಗಳನ್ನು ಅವಲಂಬಿಸಿರುತ್ತದೆ. ಹೀಗಾಗಿ ಒಂದು ಯೋಜನೆಯ ದತ್ತಾಂಶ ಯಾರಿಗೆ, ಯಾವಾಗ, ಯಾವ ರೂಪದಲ್ಲಿ ಸಿಗಬೇಕೆಂದು ನಿರ್ಧರಿಸುವ ನೀತಿಯನ್ನು ಕಚೇರಿಯ ಕಾಗದವೆಂದು ಬದಿಗಿಡುವಂತಿಲ್ಲ. ನಾನು ಯಾವ ಪ್ರಶ್ನೆ ಕೇಳಬಹುದು ಎಂಬುದು ಅದರಿಂದಲೇ ತೀರ್ಮಾನವಾಗುತ್ತದೆ.

2015ರ ಸೆಪ್ಟೆಂಬರ್ 28ರಂದು ಉಡಾವಣೆಯಾದ, ಇಸ್ರೋದ ಬಾಹ್ಯಾಕಾಶ ದೂರದರ್ಶಕ ಆಸ್ಟ್ರೋಸ್ಯಾಟ್‌ನ ಮೊದಲ ಆರು ತಿಂಗಳು ಉಪಕರಣಗಳ ಪರೀಕ್ಷೆಗೆ ಮೀಸಲಾಗಿದ್ದವು. ಆಮೇಲೆ ಅವುಗಳನ್ನು ಕಟ್ಟಿದ ತಂಡಗಳ ಸರದಿ ಬಂತು. 2016ರ ಅಕ್ಟೋಬರ್‌ನಿಂದ ದೇಶದ ಇತರ ಸಂಶೋಧಕರೂ ವೀಕ್ಷಣಾ ಸಮಯ ಪಡೆಯತೊಡಗಿದರು. ಪ್ರಸ್ತಾವ ಸಲ್ಲಿಸಿದವರಿಗೆ 12 ತಿಂಗಳ ಮೀಸಲು ಅವಧಿ ಇರುತ್ತದೆ, ಅಷ್ಟು ಕಾಲ ದತ್ತಾಂಶ ಅವರಿಗೆ ಮಾತ್ರ. ಅದು ಮುಗಿದ ಮೇಲೆ ಅದೇ ದತ್ತಾಂಶ ಎಲ್ಲರದು. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿರುವ ಇಸ್ರೋದ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರ (ಐಎಸ್‌ಎಸ್‌ಡಿಸಿ) ಈ ಸಂಗ್ರಹವನ್ನು ನಿರ್ವಹಿಸುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ಅದು ಸಾರ್ವಜನಿಕರಿಗೆ ತೆರೆದುಕೊಂಡಾಗ ನಾನು ಹೆಸರು ನೋಂದಾಯಿಸಿ ಮೊದಲು ಹುಡುಕಿದ್ದು ಜಿಆರ್‌ಎಸ್ 1915+105 ಎಂಬ ಕಪ್ಪುಕುಳಿ ಜೋಡಿಯನ್ನು. ಹೃದಯ ಬಡಿತದ ಹಾಗೆ ಲಯಬದ್ಧವಾಗಿ ಏರಿಳಿಯುವ ಅದರ ಪ್ರಕಾಶವನ್ನು ವಿದ್ಯಾರ್ಥಿಗಳಿಗೆ ತೋರಿಸುವ ಆಸೆ ಬಹಳ ದಿನಗಳಿಂದ ಇತ್ತು.

ಕಡತಗಳನ್ನು ಇಳಿಸಿಕೊಳ್ಳುವುದು ಸುಲಭವಾಗಿತ್ತು. ಶ್ರಮ ಬೇಕಾದದ್ದು ಅನಂತರ. ಆಸ್ಟ್ರೋಸ್ಯಾಟ್ ಸುಮಾರು 98 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತದೆ, ಮತ್ತು ಅದರಲ್ಲಿ ಎಕ್ಸ್-ಕಿರಣಗಳನ್ನು ಎಣಿಸುವ ಲ್ಯಾಕ್ಸ್‌ಪಿಸಿ ಉಪಕರಣದ ಮೊದಲ ಹಂತದ ದತ್ತಾಂಶ ಸುತ್ತಿನ ಲೆಕ್ಕದಲ್ಲೇ ಬೇರೆಬೇರೆ ಕಡತಗಳಾಗಿ ಬರುತ್ತದೆ. ಒಂದು ಸುತ್ತಿನ ಕೊನೆಯ ಭಾಗ ಮುಂದಿನ ಸುತ್ತಿನ ಕಡತದಲ್ಲಿ ಮತ್ತೆ ಕಾಣಿಸಿಕೊಳ್ಳುವುದರಿಂದ, ಹಾಗೆಯೇ ಜೋಡಿಸಿದರೆ ಒಂದೇ ಫೋಟಾನ್ ಎರಡು ಬಾರಿ ಎಣಿಕೆಯಾಗುತ್ತದೆ. ಉಪಕರಣದ ತಂಡ ಉಚಿತವಾಗಿ ಕೊಟ್ಟಿರುವ ತಂತ್ರಾಂಶ ಈ ಪುನರಾವರ್ತನೆಯನ್ನು ತೆಗೆದುಹಾಕುತ್ತದೆ. ಇಷ್ಟಾದರೂ ಲ್ಯಾಕ್ಸ್‌ಪಿಸಿಯ ಮೂರು ಘಟಕಗಳ ಕಥೆ ಬೇರೆಬೇರೆ: ಒಂದರಲ್ಲಿ ಅನಿಲ ಸೋರಿಕೆಯಾಗಿ 2018ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಲಾಯಿತು, ಇನ್ನೊಂದರ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಸ್ಥಿರವಾಗಿರಲಿಲ್ಲ. ಈ ಮಾಹಿತಿ ದಸ್ತಾವೇಜಿನಲ್ಲಿ ಇಲ್ಲದೇ ಹೋಗಿದ್ದರೆ, ದೂರದ ಊರಿನಲ್ಲಿ ಕುಳಿತ ವಿದ್ಯಾರ್ಥಿಯೊಬ್ಬ ಉಪಕರಣದ ವಿಕಾರವನ್ನೇ ಕಪ್ಪುಕುಳಿಯ ಗುಣವೆಂದು ಬರೆದುಬಿಡುವ ಅಪಾಯವಿತ್ತು. ದತ್ತಾಂಶ ಮುಕ್ತವಾಗಿದೆ ಎನ್ನುವಾಗ ನಾನು ದಿನಾಂಕದ ಜೊತೆಗೆ ಇದನ್ನೂ ನೋಡುತ್ತೇನೆ: ಮಾಪನಾಂಕ ನಿರ್ಣಯದ ಕಡತಗಳು, ತಂತ್ರಾಂಶ, ಉಪಕರಣದ ದೋಷಗಳ ವಿವರ ಜೊತೆಗೆ ಬಂದಿವೆಯೇ?

ಮುಂದೆ ಸಹೋದ್ಯೋಗಿಗಳ ಜೊತೆ ಸೇರಿ ನಾವೇ ಪ್ರಸ್ತಾವ ಬರೆದೆವು. ವೈಜ್ಞಾನಿಕ ಸಮರ್ಥನೆ, ನಿರೀಕ್ಷಿತ ಎಣಿಕೆ ದರ, ಸೂರ್ಯನಿಂದ ಇರಬೇಕಾದ ಕೋನೀಯ ದೂರ ಇವೆಲ್ಲವನ್ನೂ ಭರ್ತಿ ಮಾಡಿ ಕಳುಹಿಸಿದ ಮೇಲೆ ಸಮಯ ಹಂಚಿಕೆ ಸಮಿತಿ ಪರಿಶೀಲಿಸುತ್ತದೆ. ಸಮಯ ಸಿಕ್ಕಿತು, ದತ್ತಾಂಶವೂ ಬಂತು. ಅಲ್ಲಿಯವರೆಗೆ ಹೊರಗಿನಿಂದ ನೋಡುತ್ತಿದ್ದ ಬೀಗದ ಕೀಲಿ ಈಗ ನಮ್ಮ ಕೈಯಲ್ಲಿತ್ತು. ಎಲ್ಲ ದತ್ತಾಂಶವೂ ಬಂದ ದಿನವೇ ಸಾರ್ವಜನಿಕವಾಗಬೇಕು ಎಂಬ ವಾದಕ್ಕೆ ನಾನು ಪೂರ್ತಿ ಒಪ್ಪದಿರುವುದಕ್ಕೆ ಈ ಅನುಭವವೇ ಕಾರಣ. ದೊಡ್ಡ ಸಂಸ್ಥೆಯಲ್ಲಿ ಸಿದ್ಧ ತಂಡವಿರುತ್ತದೆ, ದತ್ತಾಂಶ ಬಂದ ಕೆಲವೇ ವಾರಗಳಲ್ಲಿ ಲೇಖನ ಹೊರಬರುತ್ತದೆ. ಪಾಠ, ಆಂತರಿಕ ಪರೀಕ್ಷೆ, ಮೌಲ್ಯಮಾಪನಗಳ ನಡುವೆ ಸಂಜೆ ಹೊತ್ತು ಕೂತು ಕೆಲಸ ಮಾಡುವವರಿಗೆ ಆ ಒಂದು ವರ್ಷವಿಲ್ಲದಿದ್ದರೆ ತಮ್ಮದೇ ಕಲ್ಪನೆಯ ಫಲ ಇನ್ನೊಬ್ಬರ ಹೆಸರಿನಲ್ಲಿ ಪ್ರಕಟವಾಗುವುದನ್ನು ನೋಡಬೇಕಾಗುತ್ತದೆ.

ಹಾಗೆಂದು ಮೀಸಲು ಅವಧಿ ಎಲ್ಲ ಕಡೆಗೂ ಹೊಂದುವುದಿಲ್ಲ. ನಾಸಾದ ಸ್ವಿಫ್ಟ್ ದೂರದರ್ಶಕ ಗಾಮಾ-ಕಿರಣ ಸ್ಫೋಟಗಳ ದತ್ತಾಂಶವನ್ನು ಕೂಡಲೇ ಎಲ್ಲರಿಗೂ ಬಿಡುತ್ತದೆ, ಏಕೆಂದರೆ ಸ್ಫೋಟದ ಬೆಳಕು ಮಂಕಾಗುವುದರೊಳಗೆ ಇತರ ದೂರದರ್ಶಕಗಳು ಅತ್ತ ತಿರುಗಬೇಕು. ಚಂದ್ರಯಾನ-2ರಂಥ ಯೋಜನೆಗಳಲ್ಲಿ ಯಾವುದೇ ಒಬ್ಬ ಪ್ರಸ್ತಾವಕನ ಪ್ರಶ್ನೆಗಾಗಿ ವೀಕ್ಷಣೆ ನಡೆಯುವುದಿಲ್ಲ. ಅಲ್ಲಿ ದತ್ತಾಂಶವನ್ನು ಕಂತುಕಂತಾಗಿ ಬಿಡುಗಡೆ ಮಾಡುವುದೇ ಸರಿ. ಇಸ್ರೋದ ದತ್ತಾಂಶ ತಾಣವಾದ ಪ್ರದಾನ್ ಪೋರ್ಟಲ್‌ನಿಂದ ಚಂದ್ರಯಾನ-2ರ ಎಕ್ಸ್-ಕಿರಣ ಉಪಕರಣ ಕ್ಲಾಸ್‌ನ ಕಡತಗಳನ್ನು ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಕೊಟ್ಟಿದ್ದೇನೆ. 8 ಸೆಕೆಂಡಿಗೊಂದು ವರ್ಣಪಟಲ, ಅದರ ಜೊತೆಗೇ ಆ ಹೊತ್ತಿನಲ್ಲಿ ಉಪಕರಣ ನೋಡುತ್ತಿದ್ದ ಚಂದ್ರನ ಮೇಲ್ಮೈಯ ಅಕ್ಷಾಂಶ, ರೇಖಾಂಶ. ಕಡತವೇ ತನ್ನ ಪರಿಚಯ ಹೇಳಿಕೊಳ್ಳುವುದರಿಂದ ನಾನು ಪಕ್ಕದಲ್ಲಿ ನಿಲ್ಲಬೇಕಾದ ಅಗತ್ಯ ಬಹಳ ಕಡಿಮೆ.

ನಮ್ಮ ಸ್ವಂತ ವೀಕ್ಷಣೆಯ ಲೇಖನ ಸಿದ್ಧವಾದಾಗ, ಇಸ್ರೋದ ಆಸ್ಟ್ರೋಸ್ಯಾಟ್ ಯೋಜನೆಯ, ಐಎಸ್‌ಎಸ್‌ಡಿಸಿಯಲ್ಲಿ ಸಂಗ್ರಹಿಸಿದ ದತ್ತಾಂಶವನ್ನು ಬಳಸಿದ್ದೇವೆ ಎಂಬ ಕೃತಜ್ಞತಾ ವಾಕ್ಯವನ್ನು ನಿಯಮದಂತೆ ಸೇರಿಸಿದೆವು. ಅದರ ಜೊತೆಗೆ ನಾವು ಸಿದ್ಧಪಡಿಸಿದ ಪ್ರಕಾಶ ರೇಖೆಗಳನ್ನೂ (ಸಮಯದೊಂದಿಗೆ ಪ್ರಕಾಶ ಏರಿಳಿಯುವ ನಕ್ಷೆಗಳು), ಯಾವ ಸಮಯದ ತುಣುಕುಗಳನ್ನು ಕೈಬಿಟ್ಟೆವು ಎಂಬ ಪಟ್ಟಿಯನ್ನೂ, ಬಳಸಿದ ತಂತ್ರಾಂಶದ ಆವೃತ್ತಿ ಸಂಖ್ಯೆಯನ್ನೂ ಡಿಒಐ ಎಂಬ ಶಾಶ್ವತ ಗುರುತು ಸಂಖ್ಯೆ ಪಡೆದು ಝೆನೋಡೋ ಎಂಬ ಮುಕ್ತ ಸಂಗ್ರಹ ತಾಣದಲ್ಲಿ ಇಟ್ಟಿದ್ದೇವೆ. ನೀತಿ ಅದನ್ನು ನಮ್ಮಿಂದ ಕೇಳಿರಲಿಲ್ಲ. ಕೇಳಬೇಕಿತ್ತು ಎಂದೇ ನನ್ನ ಅಭಿಪ್ರಾಯ.